ಗೋಡೆ ಮೇಲಿನ ಜಪಾನಿ ಅಪ್ಸರೆ: ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮ ಮನೆ ಹಾಲ್‌ನಲ್ಲಿ ಒಂದು ಜಪಾನಿ ಚಿತ್ರ ತೂಗುಹಾಕಿದ್ದೇನೆ. ತಲೆಗೆ ಬಂಗಾರದ ಕಿರೀಟ, ಕೈಯಲ್ಲಿ ಬೀಸಣಿಗೆ, ರೆಕ್ಕೆ ಥರ ಅಗಲ ತೋಳಿನ ತೆಳು ಮೇಲಂಗಿ. ಮನೆಗೆ ಬಂದವರು ಕಾಫಿ ಲೋಟ ಹಿಡಿದುಕೊಂಡೇ ಅದರ ಮುಂದೆ ನಿಂತು ಏನಾದರೂ ಕೇಳುತ್ತಾರೆ. ಕಾಗದ ಬರೆದವರು, ಮೆಸೇಜ್ ಹಾಕಿದವರು ಕೇಳುವುದೂ ಹೆಚ್ಚುಕಮ್ಮಿ ಅವನ್ನೇ. ಪ್ರತಿ ಸಲ ಮೊದಲಿಂದ ಹೇಳುವ ಬದಲು ಒಂದೇ ಕಡೆ ಬರೆದಿಡೋಣ ಅನಿಸಿತು. ಪ್ರಶ್ನೆಗಳು ಕೇಳಿದವರ ಬಾಯಲ್ಲಿ ಬಂದ ಹಾಗೇ ಇವೆ. ಸುಲಭದ್ದು ಮೊದಲು, ಸ್ವಲ್ಪ ತಲೆ ಕೆಡಿಸಿಕೊಳ್ಳಬೇಕಾದ್ದು ಆಮೇಲೆ.

## ಮೊದಲ ನೋಟಕ್ಕೆ

ಯಾರಿದು? ದೇವಿನಾ, ರಾಣಿನಾ?

ಎರಡೂ ಅಲ್ಲ, ಅಪ್ಸರೆ. ಸರಿಯಾಗಿ ಹೇಳಬೇಕೆಂದರೆ ಅಪ್ಸರೆ ವೇಷ ಕಟ್ಟಿದ ಗಂಡಸು. ಜಪಾನಿನಲ್ಲಿ 'ನೋ' ಅಂತ ಒಂದು ರಂಗಕಲೆ ಇದೆ, ಆರುನೂರು ವರ್ಷಕ್ಕಿಂತ ಹಳೆಯದು. ಹಾಡು, ಕುಣಿತ, ಮುಖವಾಡ ಎಲ್ಲ ಸೇರಿದ್ದು. ಅದರಲ್ಲಿ 'ಹಾಗೊರೊಮೊ' ಅನ್ನುವ ಆಟ ತುಂಬಾ ಜನಪ್ರಿಯ. ಹೆಸರಿನ ಅರ್ಥ ಗರಿಯ ಉಡುಪು. ಈ ಚಿತ್ರ ಆ ಆಟದ್ದು.

ಇಲ್ಲಿ ಒಂದು ವಿಷಯ ಗಮನಿಸಿ. ಚಿತ್ರಕಾರ ಆಕಾಶದಲ್ಲಿ ತೇಲುವ ಅಪ್ಸರೆಯನ್ನು ಬಿಡಿಸಿಲ್ಲ. ಬಿಳಿ ಕಾಲುಚೀಲ ಹಾಕಿಕೊಂಡು ಮರದ ನೆಲದ ಮೇಲೆ ಕುಣಿಯುವ ನಟನನ್ನು ಬಿಡಿಸಿದ್ದಾನೆ. ನನಗೆ ಈ ಚಿತ್ರ ಹಿಡಿಸಿದ್ದೇ ಅದಕ್ಕೆ.

ಕಥೆ ಏನು?

ಮಿಹೊ ಅನ್ನುವ ಕಡಲತೀರದಲ್ಲಿ ಪೈನ್ ಮರಗಳ ತೋಪು. ಹಕುರ್ಯೊ ಅನ್ನುವ ಬೆಸ್ತ ಅಲ್ಲಿಗೆ ಬಂದಾಗ ಕೊಂಬೆಯೊಂದರ ಮೇಲೆ ಘಮ್ಮೆನ್ನುವ, ಹೊಳೆಯುವ ಒಂದು ಬಟ್ಟೆ ಕಾಣುತ್ತದೆ. ಮನೆಯಲ್ಲಿ ಇಟ್ಟುಕೊಳ್ಳೋಣ ಅಂತ ತೆಗೆದುಕೊಳ್ಳುತ್ತಾನೆ. ಅಷ್ಟರಲ್ಲಿ ಅಪ್ಸರೆ ಬಂದು, ಅದು ನನ್ನದು, ಅದಿಲ್ಲದೆ ಆಕಾಶಕ್ಕೆ ಹಾರಲಾರೆ ಅನ್ನುತ್ತಾಳೆ. ಮೊದಲು ಒಪ್ಪದವನು ಅವಳ ದುಃಖ ನೋಡಿ ಕರಗುತ್ತಾನೆ. ಕೊಡುತ್ತೇನೆ, ಆದರೆ ನಿಮ್ಮ ಲೋಕದ ಕುಣಿತ ತೋರಿಸು ಅಂತ ಕೇಳುತ್ತಾನೆ. ಕುಣಿಯಲಿಕ್ಕೂ ಆ ಉಡುಪು ಬೇಕು ಅನ್ನುತ್ತಾಳೆ ಅವಳು. ಇವನಿಗೆ ಅನುಮಾನ: ಮೊದಲೇ ಕೊಟ್ಟುಬಿಟ್ಟರೆ ಕುಣಿಯದೇ ಹಾರಿಹೋದರೆ?

ಅದಕ್ಕೆ ಅವಳು ಕೊಡುವ ಉತ್ತರವೇ ಇಡೀ ಆಟದ ಪ್ರಾಣ. ಸಂಶಯ ಇರುವುದು ಮನುಷ್ಯರಲ್ಲಿ, ಆಕಾಶದಲ್ಲಿ ಮೋಸ ಅನ್ನುವುದೇ ಇಲ್ಲ, ಅನ್ನುತ್ತಾಳೆ. ಬೆಸ್ತ ನಾಚಿಕೊಂಡು ಉಡುಪು ಕೊಡುತ್ತಾನೆ. ಅವಳು ಮಾತಿಗೆ ತಪ್ಪದೆ ಕುಣಿಯುತ್ತಾಳೆ.

ರಾಕ್ಷಸರಿಲ್ಲ, ಯುದ್ಧವಿಲ್ಲ, ಸಾವಿಲ್ಲ. ಬಟ್ಟೆ ಕಳೆದುಹೋಯಿತು, ಸಿಕ್ಕಿತು, ಅಷ್ಟೇ. ಅರ್ಧಕ್ಕಿಂತ ಜಾಸ್ತಿ ಹೊತ್ತು ಹಾಡು, ಕುಣಿತವೇ.

ಮುಖದಲ್ಲಿ ಭಾವನೇ ಇಲ್ವಲ್ಲ, ಗೊಂಬೆ ಥರ?

ಅದು ಮುಖವಾಡ. ಜಪಾನಿನ ಹಿನೋಕಿ ಮರದಲ್ಲಿ ಕೆತ್ತಿ, ಚಿಪ್ಪಿನ ಬಿಳಿ ಪುಡಿಯನ್ನು ಅಂಟಿನಲ್ಲಿ ಕಲಸಿ ಪದರ ಪದರವಾಗಿ ಬಳಿದು ಮಾಡಿದ್ದು. ಅಳುವುದೂ ಇಲ್ಲ, ನಗುವುದೂ ಇಲ್ಲ, ನಡುವೆ ಎಲ್ಲೋ ನಿಲ್ಲಿಸಿರುತ್ತಾರೆ. ನಟ ತಲೆ ಕೊಂಚ ಮೇಲೆತ್ತಿದರೆ ಬೆಳಕು ಬಿದ್ದು ಮುಖ ಅರಳಿದ ಹಾಗೆ ಕಾಣುತ್ತದೆ, ಕೊಂಚ ತಗ್ಗಿಸಿದರೆ ನೆರಳು ಬಿದ್ದು ಬಾಡಿದ ಹಾಗೆ. ಇದಕ್ಕೆ ಅವರಲ್ಲಿ 'ಬೆಳಗಿಸುವುದು', 'ಮೋಡ ಕವಿಸುವುದು' ಅಂತಲೇ ಮಾತಿದೆ.

ನೋ ಮುಖವಾಡಗಳು ಮುಖಕ್ಕಿಂತ ಚಿಕ್ಕವು. ನಮ್ಮ ಗೋಡೆಯ ಚಿತ್ರದ ಹತ್ತಿರ ಹೋಗಿ ಗಲ್ಲದ ಕೆಳಗೆ ನೋಡಿ. ಬಿಳಿ ಮುಖ ಮುಗಿದ ಕಡೆ ಒಂದು ಸಣ್ಣ ಗೆರೆ, ಅದರ ಕೆಳಗೆ ಬೇರೆ ಬಣ್ಣದ ಚರ್ಮ, ಸ್ವಲ್ಪ ಜೋತುಬಿದ್ದ ಗಂಡಸಿನ ಗಲ್ಲ. ಚಿತ್ರಕಾರ ಬೇಕೆಂದಿದ್ದರೆ ಅದನ್ನು ಮುಚ್ಚಬಹುದಿತ್ತು. ಮುಚ್ಚಿಲ್ಲ. ಒಮ್ಮೆ ಇದನ್ನು ತೋರಿಸಿದ ಮೇಲೆ ಯಾರಿಗೂ ಮೊದಲಿನ ಹಾಗೆ ಕಾಣುವುದಿಲ್ಲ, ಬೇಜಾರು ಮಾಡಿಕೊಂಡವರೂ ಇದ್ದಾರೆ.

ಹೆಣ್ಣಿನ ವೇಷ ಗಂಡಸರೇ ಯಾಕೆ ಹಾಕಬೇಕು?

ಯಕ್ಷಗಾನ ನೋಡಿದವರೂ ಇದನ್ನು ಕೇಳುತ್ತಾರೆ, ಅದೇ ಆಶ್ಚರ್ಯ! ನಮ್ಮಲ್ಲೂ ಸ್ತ್ರೀವೇಷ ಗಂಡಸರೇ ಕಟ್ಟುತ್ತಿದ್ದರಲ್ಲ. ಜಪಾನಿನಲ್ಲಿ ಎರಡು ಬೇರೆ ಬೇರೆ ಕಾರಣ. ಕಬುಕಿ ಅನ್ನುವ ಇನ್ನೊಂದು ರಂಗಕಲೆಯನ್ನು ಶುರು ಮಾಡಿದವರೇ ಹೆಂಗಸರು, ಆದರೆ 1629ರಲ್ಲಿ ಸರ್ಕಾರ ಹೆಂಗಸರ ಕಬುಕಿಯನ್ನು ನಿಷೇಧಿಸಿತು. ನೋ ಕಲೆಯಲ್ಲಿ ಅದು ತಂದೆಯಿಂದ ಮಗನಿಗೆ ಬರುವ ಮನೆತನದ ಕಸುಬು. ಅಲ್ಲಿ ಹೆಂಗಸರನ್ನು ವೃತ್ತಿಯ ಕಲಾವಿದರು ಅಂತ ಅಧಿಕೃತವಾಗಿ ಒಪ್ಪಿದ್ದು 1948ರಲ್ಲಿ.

## ಬಿಡಿಸಿದವನು, ಅವನ ಕಾಲ

ಆ ದೊಡ್ಡ ಅಲೆ ಬಿಡಿಸಿದವನೇನಾ ಇದನ್ನೂ ಬಿಡಿಸಿದ್ದು?

ಅಲ್ಲ. ಆ ಪ್ರಸಿದ್ಧ ಜಪಾನಿ ಅಲೆಯ ಚಿತ್ರ ಹೊಕುಸಾಯ್‌ನದು, ಅವನು 1849ರಲ್ಲೇ ತೀರಿಕೊಂಡ. ಇವನು ತ್ಸುಕಿಯೋಕಾ ಕೋಗ್ಯೊ, 1869ರಿಂದ 1927ರವರೆಗೆ ಇದ್ದವನು. ಇವನ ತಾಯಿ ಮದುವೆಯಾದದ್ದು ಯೋಶಿತೋಶಿ ಅನ್ನುವ, ಮರದ ಹಲಗೆ ಕೆತ್ತಿ ಅಚ್ಚು ಹಾಕುವ ಚಿತ್ರಗಳ ದೊಡ್ಡ ಕಲಾವಿದನನ್ನು. ಹುಡುಗ ಮಲತಂದೆಯ ಹತ್ತಿರವೇ ಕಲಿತ, ಆಮೇಲೆ ಓಗಾತಾ ಗೆಕ್ಕೋ ಅನ್ನುವವನ ಹತ್ತಿರ. ಕೋಗ್ಯೊ ಅನ್ನುವ ಹೆಸರು ಕೊಟ್ಟದ್ದು ಈ ಎರಡನೇ ಗುರು.

ಮಲತಂದೆಯ ಚಿತ್ರಗಳಲ್ಲಿ ರಕ್ತ, ದೆವ್ವ, ಕತ್ತಿ ಎಲ್ಲ ಧಾರಾಳ. ಮಗ ಮಾತ್ರ ಜೀವಮಾನದ ಬಹುಪಾಲು ಒಂದೇ ವಿಷಯ ಹಿಡಿದು ಕೂತ: ನೋ ರಂಗ. 1897ರಿಂದ 1902ರವರೆಗೆ ಹೊರಬಂದ 'ನೋಗಾಕು ಜುಯೆ' ಮಾಲೆಯಲ್ಲಿ 261 ಚಿತ್ರ. 1922ರಿಂದ 1926ರವರೆಗೆ 'ನೋಗಾಕು ಹ್ಯಾಕುಬನ್', ಅಂದರೆ ನೂರು ನೋ ಆಟಗಳು. ನೂರು ಅಂತ ಹೆಸರು, ಎಣಿಸಿದರೆ 120. ಆ ಮಾಲೆ ಹೊರಬರುತ್ತಿದ್ದ ನಡುವೆಯೇ, 1923ರ ಸೆಪ್ಟೆಂಬರ್ 1ಕ್ಕೆ, ಭೂಕಂಪ ಮತ್ತು ಬೆಂಕಿಯಲ್ಲಿ ಟೋಕಿಯೊ ಸುಟ್ಟುಹೋಯಿತು. ಮಾಲೆ ಮಾತ್ರ ನಿಲ್ಲಲಿಲ್ಲ. ಅವನ ಮಗಳು ಗ್ಯೊಕುಸೆಯ್ ಕೂಡ ನೋ ಚಿತ್ರಗಳನ್ನೇ ಬಿಡಿಸಿದಳು, ನೂರು ವರ್ಷ ದಾಟಿ ಬದುಕಿದಳು.

ಒಂದೇ ವಿಷಯ ಅಷ್ಟೊಂದು ಸಲ ಯಾಕೆ ಬಿಡಿಸಬೇಕಿತ್ತು? ಯಾರು ಕೊಳ್ಳುತ್ತಿದ್ದರು?

ನೋ ಕಲಾವಿದರಿಗೆ ಅನ್ನ ಹಾಕುತ್ತಿದ್ದವರು ಶೋಗುನ್, ಅಂದರೆ ದೇಶ ಆಳುತ್ತಿದ್ದ ಸೇನಾಧಿಪತಿ, ಮತ್ತು ಪಾಳೆಯಗಾರರು. 1868ರಲ್ಲಿ ಶೋಗುನ್ ಆಳ್ವಿಕೆ ಮುಗಿಯಿತು, ಸಂಬಳ ನಿಂತಿತು. ಹಲವರು ವೇಷಭೂಷಣ, ಮುಖವಾಡ ಮಾರಿಕೊಂಡು ಬೇರೆ ಕೆಲಸ ಹುಡುಕಿದರು. ಕಲೆ ಮುಗಿದೇ ಹೋಯಿತು ಅನ್ನುವಾಗ ಉಮೇವಾಕಾ ಮಿನೋರು ಅನ್ನುವ ನಟ ಟೋಕಿಯೊದಲ್ಲಿ ಬಿಡದೆ ಆಡುತ್ತಾ ಬಂದ. ಸರ್ಕಾರದಲ್ಲಿದ್ದ ಇವಾಕುರಾ ತೊಮೊಮಿ ಯುರೋಪಿನಲ್ಲಿ ಒಪೆರಾ ನೋಡಿ ಬಂದವನು. ಹೊರದೇಶದ ದೊಡ್ಡವರು ಬಂದರೆ ತೋರಿಸಲು ನಮಗೂ ಒಂದು ಕಲೆ ಬೇಕಲ್ಲ ಅನಿಸಿತು ಅವನಿಗೆ. 1876ರಲ್ಲಿ ಚಕ್ರವರ್ತಿಯೇ ಅವನ ಮನೆಯಲ್ಲಿ ನೋ ನೋಡಿದ. 1879ರಲ್ಲಿ ಅಮೆರಿಕದ ಮಾಜಿ ಅಧ್ಯಕ್ಷ ಗ್ರಾಂಟ್ ನೋಡಿದ. 1881ರಲ್ಲಿ ಟೋಕಿಯೊದ ಶಿಬಾದಲ್ಲಿ ಹೊಸ ರಂಗಮಂದಿರವೇ ಎದ್ದಿತು.

ಕೋಗ್ಯೊ ಬಿಡಿಸಲು ಕೂತದ್ದು ಇದೆಲ್ಲ ಆದ ಮೇಲೆ. ಆ ಹೊತ್ತಿಗೆ ನೋ ಹಾಡು ಕಲಿಯುವುದು ಊರಿನ ಉಳ್ಳವರಿಗೆ ಒಂದು ಹವ್ಯಾಸವಾಗಿತ್ತು. ತಾವು ಕಲಿತ ಆಟದ ಚಿತ್ರ ಮನೆಯಲ್ಲಿರಲಿ ಅಂತ ಅಂಥವರು ಕೊಳ್ಳುತ್ತಿದ್ದರು. ನಿಧಾನವಾಗಿ ಅದು ದಾಖಲೆಯೂ ಆಯಿತು.

ನೋ, ಕಬುಕಿ ಎರಡೂ ಒಂದೇ ಅಲ್ವಾ?

ಅಲ್ಲ. ಚಿತ್ರದಲ್ಲಿ ಗುರುತಿಸುವುದೂ ಕಷ್ಟವಿಲ್ಲ. ಮುಖಕ್ಕೆ ಬಣ್ಣ, ಮೆಳ್ಳೆಗಣ್ಣು, ತಿರುಚಿದ ಬಾಯಿ ಇದ್ದರೆ ಕಬುಕಿ. ಮುಖವಾಡ, ಸುತ್ತ ಖಾಲಿ ಜಾಗ ಇದ್ದರೆ ನೋ. ನೋ ಕಲೆಯಲ್ಲಿ ಎಲ್ಲ ಪಾತ್ರಕ್ಕೂ ಮುಖವಾಡ ಇರುವುದಿಲ್ಲ, ಬೆಸ್ತನಿಗೆ ಇಲ್ಲ, ಆದರೆ ಮುಖ್ಯ ಪಾತ್ರಕ್ಕೆ ಸಾಮಾನ್ಯವಾಗಿ ಇರುತ್ತದೆ.

ಕಬುಕಿ ಚಿತ್ರಗಳು ಒಂಥರಾ ಸಿನಿಮಾ ಪೋಸ್ಟರ್ ಇದ್ದ ಹಾಗೆ. ಜನ ಕೊಳ್ಳುತ್ತಿದ್ದದ್ದು ನಟನ ಮುಖ ನೋಡಿ. ಅವನ ಮನೆತನದ ಗುರುತು ಅಂಗಿ ಮೇಲೇ ಇರುತ್ತದೆ. ಒಂದರೊಳಗೊಂದು ಮೂರು ಚೌಕ ಕಂಡರೆ ಅದು ಇಚಿಕಾವಾ ಡಾಂಜೂರೊ ಮನೆತನ. ಕೋಗ್ಯೊನ ನೋ ಚಿತ್ರಗಳಲ್ಲಿ ಆಟದ ಹೆಸರು ಬರೆದಿರುತ್ತದೆ, ನಟನ ಹೆಸರು ಸಾಮಾನ್ಯವಾಗಿ ಇರುವುದಿಲ್ಲ. ನಮ್ಮ ಚಿತ್ರದಲ್ಲಿ ಆ ಗಲ್ಲ ಯಾರದ್ದು ಅಂತ ಗೊತ್ತಾಗದೇ ಇರುವುದು ಅದಕ್ಕೇ.

ಕುಣಿತ ಅಂತೀರಿ, ಸುಮ್ನೆ ನಿಂತ ಹಾಗಿದೆಯಲ್ಲ?

ನೋ ಕುಣಿತ ಹಾಗೇ. ಕಾಲು ಎತ್ತಿ ಹಾರುವುದು ಬಹಳ ಕಮ್ಮಿ, ಹಿಮ್ಮಡಿ ನೆಲ ಬಿಡದೆ ಜಾರಿದ ಹಾಗೆ ನಡೆಯುತ್ತಾರೆ. ಮುಖವಾಡದ ಕಣ್ಣಿನ ತೂತು ಎಷ್ಟು ಚಿಕ್ಕದು ಅಂದರೆ ನಟನಿಗೆ ಕಾಲಬುಡ ಕಾಣುವುದೇ ಇಲ್ಲ. ರಂಗದ ಮೂಲೆಯ ಕಂಬ ನೋಡಿಕೊಂಡು ತಾನೆಲ್ಲಿದ್ದೇನೆ ಅಂತ ಅಂದಾಜು ಮಾಡುತ್ತಾನೆ. ಆಗಾಗ ಕಾಲನ್ನು ನೆಲಕ್ಕೆ ಬಡಿಯುತ್ತಾನೆ. ಆ ಸದ್ದು ಗುಂಯ್ ಅನ್ನಲಿ ಅಂತ ಹಳೆಯ ರಂಗಗಳ ಹಲಗೆ ಕೆಳಗೆ ದೊಡ್ಡ ದೊಡ್ಡ ಮಣ್ಣಿನ ಹರವಿಗಳನ್ನು ಹೂತಿಡುತ್ತಿದ್ದರು!

ಹಾಗಾಗಿ ಚಿತ್ರದಲ್ಲಿ ಚಲನೆ ಹುಡುಕಬೇಕಾದ್ದು ಕಾಲಲ್ಲಲ್ಲ, ತೋಳಿನಲ್ಲಿ. ನಟ ಕೈ ಬೀಸಿ ಅಗಲ ತೋಳನ್ನು ಮುಂಗೈ ಮೇಲೆ ಸುತ್ತಿಕೊಂಡಿದ್ದಾನೆ. ಬಟ್ಟೆ ಇನ್ನೂ ಪೂರ್ತಿ ಕೆಳಗೆ ಇಳಿದಿಲ್ಲ, ಅಂಚು ಗಾಳಿಯಲ್ಲಿದೆ. ಚೋಕೆನ್ ಅನ್ನುವ ಆ ಮೇಲಂಗಿ ತೆಳು ರೇಷ್ಮೆಯದು, ಆಚೆಯಿಂದ ಈಚೆಗೆ ಕಾಣುವಷ್ಟು ತೆಳು, ಮೈತುಂಬಾ ಚಿನ್ನದ ಎಳೆ. ಕಥೆಯಲ್ಲಿ ಬರುವ ಗರಿಯ ಉಡುಪು ಅದೇ. ಬೆಸ್ತ ವಾಪಸ್ ಕೊಟ್ಟ ಮೇಲೆ ನಟ ಒಳಗೆ ಹೋಗಿ ಉಟ್ಟು ಬರುವುದಿಲ್ಲ. ರಂಗದ ಹಿಂಬದಿಯಲ್ಲಿ, ನೋಡುವವರ ಎದುರಿಗೇ, ಸಹಾಯಕರು ಉಡಿಸುತ್ತಾರೆ. ವೇಷ ಕಟ್ಟುವುದನ್ನೂ ಮರೆಮಾಡದ ಕಲೆ.

## ಮಾಡುವ ಬಗೆ

ಇದು ಪೇಂಟಿಂಗಾ, ಪ್ರಿಂಟಾ? ಪ್ರಿಂಟ್ ಅಂದ್ರೆ ಜೆರಾಕ್ಸ್ ಥರಾನೇ ಅಲ್ವಾ?

ಪ್ರಿಂಟೇ. ಆದರೆ ಜೆರಾಕ್ಸ್‌ಗೆ ಒಂದು ಮೂಲ ಇರುತ್ತದೆ. ಇದಕ್ಕೆ ಮೂಲವೇ ಇಲ್ಲ, ತಯಾರಾಗುವಾಗಲೇ ಅದು ನಾಶವಾಗುತ್ತದೆ.

ಕೋಗ್ಯೊ ತೆಳ್ಳಗಿನ ಕಾಗದದ ಮೇಲೆ ಬರೀ ಗೆರೆಗಳಲ್ಲಿ ಚಿತ್ರ ಬಿಡಿಸಿ ಕೊಡುತ್ತಾನೆ. ಕೆತ್ತುವವನು ಅದನ್ನು ಮಗುಚಿ, ಕಾಡು ಚೆರ್ರಿ ಮರದ ಹಲಗೆಗೆ ಅಂಟಿಸುತ್ತಾನೆ. ಕಾಗದದ ಹಿಂಪದರ ಬೆರಳಲ್ಲಿ ಮೆಲ್ಲಗೆ ಉಜ್ಜಿ ತೆಗೆದರೆ ಗೆರೆಗಳು ಮೇಲೆ ಬಂದ ಹಾಗೆ ಕಾಣುತ್ತವೆ. ಆಮೇಲೆ ಗೆರೆಗಳನ್ನು ಉಳಿಸಿ ಉಳಿದ ಮರವನ್ನೆಲ್ಲ ಉಳಿಯಿಂದ ತೆಗೆಯುತ್ತಾನೆ. ಕೆತ್ತನೆ ಮುಗಿಯುವ ಹೊತ್ತಿಗೆ ಕಲಾವಿದ ಬಿಡಿಸಿದ ಚಿತ್ರ ಚೂರು ಚೂರಾಗಿ ಕಸದ ಜೊತೆ ಹೋಗಿರುತ್ತದೆ. ಹಣೆ ಹತ್ತಿರದ ಒಂದೊಂದು ಕೂದಲೆಳೆ ಕೆತ್ತುವ ಕೆಲಸ ಅನುಭವಸ್ಥರದ್ದು, ಬಟ್ಟೆ, ಅಕ್ಷರ ಇತ್ಯಾದಿ ಕಿರಿಯರದ್ದು.

ಗೆರೆಯ ಹಲಗೆಯಿಂದ ಕೆಲವು ಕಪ್ಪು ಪ್ರತಿ ತೆಗೆದು ಕಲಾವಿದನಿಗೆ ಕಳಿಸುತ್ತಾರೆ. ಯಾವ ಬಣ್ಣ ಎಲ್ಲಿ ಅಂತ ಅವನು ಗುರುತು ಹಾಕಿ ವಾಪಸ್ ಕಳಿಸುತ್ತಾನೆ. ಒಂದೊಂದು ಬಣ್ಣಕ್ಕೂ ಬೇರೆ ಕೆತ್ತನೆ. ಕೊನೆಗೆ ಅಚ್ಚು ಹಾಕುವವನು ಹಲಗೆಗೆ ನೀರಿನ ಬಣ್ಣ ಮತ್ತು ಅಕ್ಕಿ ಗಂಜಿ ಬಳಿದು, ಮೇಲೆ ಒದ್ದೆ ಕಾಗದ ಇಟ್ಟು, ಹಿಂದಿನಿಂದ ಉಜ್ಜುತ್ತಾನೆ. ಯಂತ್ರದ ಒತ್ತಡ ಇಲ್ಲ. ಬಾರೆನ್ ಅನ್ನುವ ಅಂಗೈ ಅಗಲದ ಚಪ್ಪಟೆ ಬಿಲ್ಲೆ ಇದೆ. ಬಿದಿರಿನ ಪೊರೆಯಿಂದ ಹುರಿ ಹೊಸೆದು ಸುರುಳಿ ಸುತ್ತಿ, ಮೇಲೆ ಮತ್ತೆ ಬಿದಿರಿನ ಪೊರೆ ಹೊದಿಸಿದ್ದು. ಅದನ್ನು ಹಿಡಿದು ಮೈಭಾರ ಹಾಕಿ ಉಜ್ಜುವುದಷ್ಟೇ.

ಹೀಗೆ ಚಿತ್ರಕಾರ, ಕೆತ್ತುವವನು, ಅಚ್ಚು ಹಾಕುವವನು, ದುಡ್ಡು ಹಾಕುವ ಪ್ರಕಾಶಕ, ನಾಲ್ಕು ಜನರ ಕೆಲಸ. 'ನೋಗಾಕು ಜುಯೆ' ಪ್ರಕಾಶಕ ಟೋಕಿಯೊದ ಮತ್ಸುಕಿ ಹೇಯ್‌ಕಿಚಿ. ಹೆಸರು ಬಂದದ್ದು ಮಾತ್ರ ಕೋಗ್ಯೊಗೆ.

ಅಷ್ಟೊಂದು ಬಣ್ಣ, ಒಂದರ ಮೇಲೊಂದು ಕದಲದೆ ಹೇಗೆ ಕೂರುತ್ತೆ?

ಕೆಂತೊ ಅಂತ ಒಂದು ಸಣ್ಣ ಉಪಾಯ. ಪ್ರತಿ ಹಲಗೆಯ ಒಂದು ಮೂಲೆಯಲ್ಲಿ ಎಲ್ ಅಕ್ಷರದ ಆಕಾರದ ಗುರುತು, ಅದೇ ಅಂಚಿನಲ್ಲಿ ಸ್ವಲ್ಪ ದೂರಕ್ಕೆ ಒಂದು ನೇರ ಗೆರೆ. ಕಾಗದದ ಮೂಲೆ ಒಂದಕ್ಕೆ ತಾಗಬೇಕು, ಅಂಚು ಇನ್ನೊಂದಕ್ಕೆ. ಅಷ್ಟೇ. ಹದಿನೆಂಟನೇ ಶತಮಾನದ ನಡುವೆ ಈ ಗುರುತು ಬಳಕೆಗೆ ಬಂತು. 1765ರ ಸುಮಾರಿಗೆ ಸುಜುಕಿ ಹರುನೊಬು ಮತ್ತವನ ಜೊತೆಗಾರರು ಹತ್ತಾರು ಬಣ್ಣದ ಚಿತ್ರ ತೆಗೆದರು. ಅದಕ್ಕೆ ನಿಶಿಕಿ-ಎ ಅಂತ ಹೆಸರಾಯಿತು, ಜರಿ ಬಟ್ಟೆಯಂಥ ಚಿತ್ರ ಅಂತ. ಜರಿ ಸೀರೆ ನೋಡಿದವರಿಗೆ ಈ ಹೆಸರಿನ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ.

ಕಾಗದ ಒದ್ದೆ ಇದ್ದಾಗ ಹಿಗ್ಗುತ್ತದೆ, ಒಣಗಿದರೆ ಕುಗ್ಗುತ್ತದೆ. ಆದ್ದರಿಂದ ಕೊನೆಯ ಬಣ್ಣದ ತನಕ ಒಂದೇ ಹದದ ತೇವ ಕಾಯಬೇಕು. ಕೆಂತೊ ಕೆತ್ತುವುದಕ್ಕಿಂತ ಇದು ಕಷ್ಟ ಅಂತ ನನ್ನ ಅಭಿಪ್ರಾಯ. ಒಮ್ಮೆ ಎರಡೇ ಬಣ್ಣದ ಸಣ್ಣ ಹೂವು ಅಚ್ಚು ಹಾಕಲು ನಾನೇ ಕೂತಿದ್ದೆ. ಹತ್ತು ಹಾಳೆಯಲ್ಲಿ ಎಂಟರಲ್ಲಿ ಹೂವು ಒಂದು ಕಡೆ, ಕೆಂಪು ಇನ್ನೊಂದು ಕಡೆ.

ಆ ಕಾಗದ ಯಾವುದು? ನೂರು ವರ್ಷ ಆದ್ರೂ ಹರಿದಿಲ್ಲ!

ಕೋಜೊ ಅನ್ನುವ ಗಿಡದ ತೊಗಟೆ ನಾರಿನಿಂದ ಮಾಡಿದ್ದು. ನಮ್ಮ ರಾಮನಗರ, ಕೋಲಾರದ ಕಡೆ ರೇಷ್ಮೆಹುಳಕ್ಕೆ ಹಾಕುವ ಹಿಪ್ಪುನೇರಳೆಯ ಕುಟುಂಬದ್ದೇ. ನಾರು ಉದ್ದ, ಹಾಗಾಗಿ ಹತ್ತಾರು ಸಲ ಉಜ್ಜಿದರೂ ತಡೆಯುತ್ತದೆ. ಬಣ್ಣ ಹರಡದಿರಲಿ ಅಂತ ಮೇಲೆ ಪಟಿಕ ಮತ್ತು ಪ್ರಾಣಿಜನ್ಯ ಅಂಟು ಬೆರೆಸಿದ ನೀರು ಸವರಿರುತ್ತಾರೆ.

ಕಿರೀಟ ಅಷ್ಟು ಹೊಳೆಯುತ್ತಲ್ಲ, ನಿಜವಾದ ಬಂಗಾರಾನಾ?

ಸಾಮಾನ್ಯವಾಗಿ ಹಿತ್ತಾಳೆಯಂಥ ಲೋಹದ ಪುಡಿ. ಈ ಪುಡಿಗಳನ್ನು ಕೋಗ್ಯೊನ ಚಿತ್ರಗಳಲ್ಲಿ ಧಾರಾಳವಾಗಿ ಬಳಸಿದ್ದಾರೆ. ಇದರ ಜೊತೆ ಬಣ್ಣವೇ ಇಲ್ಲದ ಅಚ್ಚೂ ಇದೆ. ಕೆತ್ತಿದ ಹಲಗೆಗೆ ಏನೂ ಬಳಿಯದೆ ಕಾಗದ ಇಟ್ಟು ಬಲವಾಗಿ ಒತ್ತಿದರೆ ಬಿಳಿ ಜಾಗದಲ್ಲಿ ಉಬ್ಬು ಮೂಡುತ್ತದೆ.

ನೇರ ನಿಂತು ನೋಡಿದರೆ ಇದ್ಯಾವುದೂ ಕಾಣುವುದಿಲ್ಲ. ಸಂಜೆ ಕಿಟಕಿ ಬೆಳಕು ಓರೆಯಾಗಿ ಬಿದ್ದಾಗ ಪಕ್ಕಕ್ಕೆ ನಿಂತು ನೋಡಿ. ಬರೀ ಬಿಳಿ ಅಂದುಕೊಂಡಿದ್ದ ಕಡೆ ಬಟ್ಟೆಯ ನೇಯ್ಗೆ ಏಳುತ್ತದೆ. ಮೊಬೈಲ್‌ನಲ್ಲಿ ಎಷ್ಟು ದೊಡ್ಡದು ಮಾಡಿ ನೋಡಿದರೂ ಇದು ಸಿಗುವುದಿಲ್ಲ.

## ಕೊಳ್ಳುವವರಿಗೆ, ಇಟ್ಟುಕೊಳ್ಳುವವರಿಗೆ

ಅಸಲಿನಾ ನಕಲಿನಾ ಅಂತ ಹೇಗೆ ಗೊತ್ತಾಗುತ್ತೆ?

ಮೊದಲು ಭೂತಗನ್ನಡಿ ಹಿಡಿಯಿರಿ. ಬಣ್ಣ ಸಣ್ಣ ಸಣ್ಣ ಚುಕ್ಕೆಗಳಾಗಿ ಒಡೆದು ಕಂಡರೆ ಅದು ಆಫ್‌ಸೆಟ್ ಯಂತ್ರದ್ದು, ಕ್ಯಾಲೆಂಡರ್ ಚಿತ್ರಕ್ಕೂ ಅದಕ್ಕೂ ವ್ಯತ್ಯಾಸವಿಲ್ಲ. ಆಮೇಲೆ ಹಿಂದಕ್ಕೆ ತಿರುಗಿಸಿ. ಕೈಯಲ್ಲಿ ಅಚ್ಚು ಹಾಕಿದ್ದಾದರೆ ಬಣ್ಣ ಕಾಗದದೊಳಗೆ ಇಳಿದು ಹಿಂಬದಿಗೂ ಮಸುಕಾಗಿ ಕಾಣುತ್ತದೆ, ಬಾರೆನ್ ಉಜ್ಜಿದ ಸುತ್ತು ಗೆರೆಗಳೂ ಎಷ್ಟೋ ಸಲ ಕಾಣುತ್ತವೆ. ನಾನು ಮುಂಭಾಗಕ್ಕಿಂತ ಹಿಂಭಾಗವನ್ನೇ ಜಾಸ್ತಿ ಹೊತ್ತು ನೋಡುತ್ತೇನೆ, ಮಾರುವವರಿಗೆ ಸಿಟ್ಟು ಬರುವಷ್ಟು. ಅಳತೆಯನ್ನೂ ನೋಡಿ. 'ನೋಗಾಕು ಜುಯೆ' ಚಿತ್ರಗಳು ಅಡ್ಡಡ್ಡ, ಸುಮಾರು 25 ಸೆಂ.ಮೀ. ಎತ್ತರ, 37 ಸೆಂ.ಮೀ. ಅಗಲ. 'ಹ್ಯಾಕುಬನ್' ಚಿತ್ರಗಳು ಹೆಚ್ಚುಕಮ್ಮಿ ಅದೇ ಅಳತೆ, ಆದರೆ ಉದ್ದುದ್ದ.

ಹೊಸ ಹಲಗೆ ಕೆತ್ತಿ, ಕೈಯಲ್ಲೇ ಹಾಕಿದ ಮರುಮುದ್ರಣಗಳೂ ಇರುತ್ತವೆ. ಹಾಗಂತ ಹೇಳಿ ಮಾರಿದರೆ ಅದರಲ್ಲಿ ಮೋಸ ಏನಿಲ್ಲ, ಚೆನ್ನಾಗಿಯೂ ಇರುತ್ತವೆ. ಹಳೆಯದು ಅಂತ ಹೇಳಿ ಮಾರಿದರೆ ಮೋಸ.

ಒಂದೇ ಚಿತ್ರದ ಎರಡು ಪ್ರತಿ ನೋಡಿದೆ, ಬಣ್ಣ ಬೇರೆ ಬೇರೆ. ಯಾವುದು ಸರಿ?

ಎರಡೂ ಸರಿ ಇರಬಹುದು. ಅಚ್ಚು ಹಾಕುವವನು ಒಂದೊಂದು ಹಾಳೆಗೂ ಹೊಸದಾಗಿ ಬಣ್ಣ ಬಳಿಯುತ್ತಾನೆ. ಆಕಾಶ ಮೇಲಿಂದ ಕೆಳಕ್ಕೆ ತಿಳಿಯಾಗುತ್ತಾ ಬರುವ ಛಾಯೆ ಇದೆಯಲ್ಲ, ಅದನ್ನು ಕೆತ್ತಲು ಆಗುವುದಿಲ್ಲ, ಒದ್ದೆ ಕುಂಚ ಆಡಿಸಿ ಪ್ರತಿ ಸಲ ಕೈಯಲ್ಲೇ ತರಬೇಕು. ಒಂದು ಪ್ರತಿಯಲ್ಲಿ ಗಾಢ, ಒಂದರಲ್ಲಿ ತೆಳು ಆಗುವುದು ಸಹಜ. ಹಲಗೆ ಸವೆದ ಮೇಲೆ ತೆಗೆದ ಪ್ರತಿಗಳಲ್ಲಿ ಗೆರೆ ದಪ್ಪಗಾಗಿ, ಅಲ್ಲಲ್ಲಿ ಮುರಿದಿರುತ್ತದೆ. ಇನ್ನು ಬಿಸಿಲಿಗೆ ಬಿದ್ದ ಪ್ರತಿಯಾದರೆ ಕೆಲವು ಬಣ್ಣ ಮಾಸಿಯೇ ಹೋಗಿರುತ್ತದೆ.

ಫ್ರೇಮ್ ಹಾಕಿಸೋದು ಹೇಗೆ?

ಇದಕ್ಕೆ ನಾನು ದುಡ್ಡು ಕೊಟ್ಟು ಪಾಠ ಕಲಿತಿದ್ದೇನೆ. ಮೊದಲು ಕೊಂಡ ಚಿತ್ರವನ್ನು ಹತ್ತಿರದ ಫ್ರೇಮ್ ಅಂಗಡಿಗೆ ಕೊಟ್ಟು ಬಂದೆ, ಏನೂ ಹೇಳಲಿಲ್ಲ, ತಪ್ಪು ನನ್ನದೂ ಇತ್ತು. ಕಾಗದ ಡೊಂಕಾಗಿದೆ ಅಂತ ಅವರು ಪೂರ್ತಿ ಹಿಂಬದಿಗೆ ಬಿಳಿ ಗೋಂದು ಬಳಿದು ಹಾರ್ಡ್‌ಬೋರ್ಡ್‌ಗೆ ಅಂಟಿಸಿ, 'ಈಗ ನೋಡಿ ಸಾರ್, ಕನ್ನಡಿ ಥರ ಕೂತಿದೆ' ಅಂದರು. ಕೂತಿತ್ತು, ಸಂಶಯವಿಲ್ಲ. ಉಬ್ಬುಗಳೆಲ್ಲ ಸಪಾಟಾಗಿದ್ದವು. ಎರಡು ಮಳೆಗಾಲದ ಹೊತ್ತಿಗೆ ಕಂದು ಚುಕ್ಕೆ ಎದ್ದವು. ಅದನ್ನು ಈಗಲೂ ಬಿಸಾಡಿಲ್ಲ. ಬೀರು ಹಿಂದೆ ಇದೆ.

ಆದ್ದರಿಂದ ಅಂಟಿಸಬೇಡಿ. ಮೇಲ್ಗಡೆ ಎರಡು ಮೂಲೆಯಲ್ಲಿ ತೆಳು ಜಪಾನಿ ಕಾಗದದ ಪಟ್ಟಿ, ಗೋಧಿ ಪಿಷ್ಟದ ಅಂಟು, ಅಷ್ಟು ಸಾಕು, ಚಿತ್ರ ನೇತಾಡಿಕೊಂಡಿರಬೇಕು. ಸುತ್ತಲಿನ ರಟ್ಟು ಆಮ್ಲರಹಿತ ಇರಲಿ. ಗಾಜು ಕಾಗದಕ್ಕೆ ತಾಗಬಾರದು, ತಾಗಿದರೆ ನಮ್ಮ ಮಳೆಗಾಲದಲ್ಲಿ ಅಲ್ಲೇ ಬೂಷ್ಟು ಹಿಡಿಯುತ್ತದೆ. ಬಿಸಿಲು ಬೀಳುವ ಗೋಡೆ ಬೇಡವೇ ಬೇಡ. ವರ್ಷದಲ್ಲಿ ಕೆಲವು ತಿಂಗಳು ಇಳಿಸಿ ಕತ್ತಲಲ್ಲಿ ಇಟ್ಟರೆ ಇನ್ನೂ ಒಳ್ಳೆಯದು. ಹಬ್ಬಕ್ಕೆ ಹೊರತೆಗೆಯುವ ರೇಷ್ಮೆ ಸೀರೆ ಹಾಗೆ.

ಕೊಳ್ಳದೆ ನೋಡಬಹುದಾ?

ಧಾರಾಳವಾಗಿ. ಅಮೆರಿಕದ ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯದವರು ತಮ್ಮಲ್ಲಿರುವ ಕೋಗ್ಯೊ ಚಿತ್ರಗಳನ್ನು ಅಂತರ್ಜಾಲದಲ್ಲಿ ಹಾಕಿದ್ದಾರೆ. ಶಿಕಾಗೋದ ಆರ್ಟ್ ಇನ್‌ಸ್ಟಿಟ್ಯೂಟ್ ಸಂಗ್ರಹವೂ ದೊಡ್ಡದು. ಕುಣಿತವನ್ನೇ ನೋಡಬೇಕಾದರೆ ಟೋಕಿಯೊದ ಸೆಂದಾಗಾಯಾದಲ್ಲಿ 1983ರಲ್ಲಿ ತೆರೆದ ರಾಷ್ಟ್ರೀಯ ನೋ ರಂಗಮಂದಿರ ಇದೆ.

## ಇನ್ನೂ ಕೆದಕುವವರಿಗೆ

ಇದಕ್ಕೂ ನಮ್ಮ ಕಡೆಗೂ ಏನಾದ್ರೂ ಸಂಬಂಧ ಇದ್ಯಾ, ಸುಮ್ನೆ ಕೇಳಿದೆ?

ಹಾಗೊರೊಮೊಗೆ ಸಂಬಂಧ ಕಟ್ಟಲು ನಾನು ಹೋಗುವುದಿಲ್ಲ. ಆದರೆ ಕೋಗ್ಯೊ ಬಿಡಿಸಿದ ಇನ್ನೊಂದು ಆಟ ಇದೆ, 'ಇಕ್ಕಾಕು ಸೆನ್ನಿನ್', ಅಂದರೆ ಒಂದು ಕೊಂಬಿನ ಋಷಿ. ಕೇಳಿ ನೋಡಿ.

ಭಾರತದಲ್ಲಿ, ವಾರಾಣಸಿ ಕಡೆ, ಹಣೆ ಮೇಲೆ ಕೊಂಬಿರುವ ಒಬ್ಬ ಋಷಿ. ಹುಟ್ಟಿದ್ದು ಜಿಂಕೆಯ ಹೊಟ್ಟೆಯಲ್ಲಿ. ಮಳೆ ತರುವ ನಾಗರಾಜರನ್ನು ಅವನು ಸಿಟ್ಟಿನಲ್ಲಿ ಬಂಡೆಯೊಳಗೆ ಕೂಡಿಹಾಕಿದ್ದಾನೆ, ದೇಶದಲ್ಲಿ ಮಳೆಯಿಲ್ಲ. ರಾಜ ಒಬ್ಬ ಚೆಲುವೆಯನ್ನು ಕಾಡಿಗೆ ಕಳಿಸುತ್ತಾನೆ. ಅವಳು ಕುಡಿಸುತ್ತಾಳೆ, ಕುಣಿಯುತ್ತಾಳೆ. ಅಮಲೇರಿದ ಋಷಿ ಎದ್ದು ಅವಳ ಜೊತೆ ತಾನೂ ಹೆಜ್ಜೆ ಹಾಕುತ್ತಾನೆ, ಆಮೇಲೆ ನಿದ್ದೆ ಹೋಗುತ್ತಾನೆ. ಶಕ್ತಿ ಹೋಯಿತು, ಬಂಡೆ ಒಡೆಯಿತು, ನಾಗರಾಜರು ಹೊರಬಂದರು, ಮಳೆ ಸುರಿಯಿತು.

ಗುರುತು ಸಿಕ್ಕಿತಾ? ನಮ್ಮ ಋಷ್ಯಶೃಂಗನೇ! ರೋಮಪಾದನ ಅಂಗದೇಶ, ಬರ, ಋಷಿಯನ್ನು ಕರೆತಂದ ವೇಶ್ಯೆಯರು, ಮಳೆ. ಶೃಂಗೇರಿ ಪಕ್ಕದ ಕಿಗ್ಗಾದಲ್ಲಿ ಅವನ ಹೆಸರಿನ ದೇವಸ್ಥಾನ ಇದೆ, ಮಳೆ ಹಿಡಿದರೂ ಬಿಟ್ಟರೂ ಮಲೆನಾಡಿನವರು ಹರಕೆ ಹೊರುವುದು ಅಲ್ಲಿಗೇ. ಈ ಕಥೆ ಬೌದ್ಧರ ಜಾತಕ ಕಥೆಗಳಲ್ಲೂ, ಅಂದರೆ ಬುದ್ಧನ ಹಿಂದಿನ ಜನ್ಮಗಳ ಕಥೆಗಳಲ್ಲೂ, ಇದೆ. ಬೌದ್ಧ ಗ್ರಂಥಗಳ ಜೊತೆ ಚೀನಾ ದಾಟಿ ಜಪಾನಿಗೆ ಹೋಗಿ, ಅಲ್ಲಿನ 'ತಾಯ್‌ಹೇಯ್‌ಕಿ' ಅನ್ನುವ ಹಳೆಯ ಯುದ್ಧಕಥೆಯೊಳಗೂ ಸೇರಿತು. ಅದನ್ನು ನೋ ಆಟ ಮಾಡಿದವನು ಕೊನ್ಪಾರು ಜೆನ್ಪೊ, 1454ರಲ್ಲಿ ಹುಟ್ಟಿದವನು. ಮುಂದೆ ಇದೇ ಕಬುಕಿಗೆ ಹೋಗಿ 'ನರುಕಾಮಿ' ಆಯಿತು.

ಒಂದು ವ್ಯತ್ಯಾಸ ನನಗೆ ಮಜಾ ಅನಿಸುತ್ತದೆ. ನಮ್ಮಲ್ಲಿ ಋಷ್ಯಶೃಂಗ ಮಳೆ ತರುವವನು, ಕಾಲಿಟ್ಟ ಕಡೆ ಮಳೆ. ಅಲ್ಲಿ ಅವನು ಮಳೆ ತಡೆದವನು.

ಜಪಾನಿನವರಲ್ಲದವರು ಹಾಗೊರೊಮೊ ಕುಣಿದಿದ್ದಾರಾ?

ಒಬ್ಬಳ ಕಥೆ ಹೇಳಲೇಬೇಕು. ಎಲೆನ್ ಜುಗ್ಲಾರಿ ಅಂತ ಫ್ರೆಂಚ್ ನರ್ತಕಿ. ಜಪಾನಿಗೆ ಒಮ್ಮೆಯೂ ಹೋಗಿರಲಿಲ್ಲ, ಓದಿ ಓದಿ ತನ್ನದೇ ಒಂದು ಹಾಗೊರೊಮೊ ಕಟ್ಟಿದಳು, ವೇಷವನ್ನೂ ತಾನೇ ರೂಪಿಸಿಕೊಂಡಳು. ಆಡುತ್ತಿದ್ದ ಕಾಲದಲ್ಲೇ ಒಮ್ಮೆ ವೇಷದಲ್ಲೇ ಕುಸಿದು ಬಿದ್ದಳು. 1951ರಲ್ಲಿ ತೀರಿಕೊಂಡಳು, ಇನ್ನೂ ನಲವತ್ತೂ ತುಂಬಿರಲಿಲ್ಲ. ಗಂಡ ಅವಳ ಕೂದಲು ಮತ್ತು ಆ ವೇಷ ತೆಗೆದುಕೊಂಡು ಮಿಹೊಗೆ ಹೋದ. ಊರಿನವರು 1952ರಲ್ಲಿ ಅಲ್ಲಿ ಅವಳ ಹೆಸರಿನ ಸ್ಮಾರಕ ನಿಲ್ಲಿಸಿದರು, ಕೂದಲನ್ನು ಅಲ್ಲೇ ಇಟ್ಟರು. ಕಥೆಯಲ್ಲಿ ಬರುವ ಆ ಪೈನ್ ತೋಪು ಈಗಲೂ ಇದೆ, ಶಿಜುಒಕಾ ನಗರದಲ್ಲಿ. 2013ರಲ್ಲಿ ಫುಜಿ ಪರ್ವತ ವಿಶ್ವ ಪರಂಪರೆ ಪಟ್ಟಿಗೆ ಸೇರಿದಾಗ ಈ ತೋಪನ್ನೂ ಅದರ ಜೊತೆ ಸೇರಿಸಿದರು. ತೀರದಲ್ಲಿ ಪಂಜಿನ ಬೆಳಕಲ್ಲಿ ಹಾಗೊರೊಮೊ ಆಡುವ ಹಬ್ಬವೂ ಇದೆ.

ಕೊನೆಗೆ ಅವಳು ಹಾರಿ ಹೋಗ್ತಾಳಾ?

ಇದನ್ನು ಕೇಳಿದ್ದು ತಂಗಿ ಮಗಳು, ಎರಡನೇ ಕ್ಲಾಸು. ಹಾಡಿನಲ್ಲಿ ಹಾರುತ್ತಾಳೆ ಅಂದೆ. ಮಿಹೊದ ಪೈನ್ ಮರಗಳ ಮೇಲಿಂದ, ಆಶಿತಾಕಾ ಬೆಟ್ಟದ ಮೇಲಿಂದ, ಫುಜಿಯ ತುದಿ ದಾಟಿ ಮಂಜಿನಲ್ಲಿ ಕರಗಿಹೋಗುತ್ತಾಳೆ, ಇದನ್ನೆಲ್ಲ ಹಾಡುವವರು ಹಾಡುತ್ತಾರೆ.

'ಅವನು?' ಅಂದಳು. ಅವಳಿಗೆ ಗಲ್ಲ ತೋರಿಸಿ ಆಗಿತ್ತು.

ಅವನು ಕುಣಿದು ಮುಗಿಸಿ, ರಂಗದಿಂದ ಒಳಗೆ ಹೋಗುವ ಉದ್ದನೆಯ ಸೇತುವೆ ಮೇಲೆ ಬಿಳಿ ಕಾಲುಚೀಲದಲ್ಲಿ ಜಾರಿದ ಹಾಗೆ ನಡೆಯುತ್ತಾನೆ. ಕೊನೆಯಲ್ಲಿ ಬಣ್ಣದ ಪರದೆಯನ್ನು ಒಳಗಿನವರು ಬಿದಿರು ಕೋಲಿನಿಂದ ಎತ್ತಿ ಹಿಡಿಯುತ್ತಾರೆ, ಒಳಗೆ ಹೋಗುತ್ತಾನೆ, ಮುಖವಾಡ ಬಿಚ್ಚುತ್ತಾನೆ.

'ಹಾಗಾದ್ರೆ ನಡ್ಕೊಂಡೇ ಹೋದ' ಅಂದಳು.